ರಾಮೆನ್, ಫೋ, ಲಕ್ಸ, ಥುಕ್ಪಾ: ಪ್ರವಾಸದಲ್ಲಿ ನೂಡಲ್ ಸೂಪ್ ತಿನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನ್, ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರ ಅಂತ ಸುತ್ತಿ ಬಂದಮೇಲೆ ನನಗೆ ಬರುವ ಮೆಸೇಜುಗಳಲ್ಲಿ ಅರ್ಧ ಊಟದ ಬಗ್ಗೆಯೇ. ನೆಂಟರು, ಆಫೀಸಿನವರು, ಆಫೀಸಿನವರ ನೆಂಟರು, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಒಬ್ಬೊಬ್ಬರಿಗೂ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಾನು ಮೀನು, ಮಾಂಸ ಎಲ್ಲ ತಿನ್ನುತ್ತೇನೆ. ನನ್ನ ಜೊತೆ ಬರುವ ಅಮ್ಮ ಪಕ್ಕಾ ಸಸ್ಯಾಹಾರಿ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು.

ರಾಮೆನ್ ಅಂದ್ರೆ ಸ್ವಲ್ಪ ದುಬಾರಿ ಮ್ಯಾಗಿ ತಾನೇ?

ಸಂಬಂಧ ಇದೆ, ಆದರೆ ಉಲ್ಟಾ. ಅಂಗಡಿ ರಾಮೆನ್ ಮೊದಲು, ಪೊಟ್ಟಣ ಆಮೇಲೆ. ಚೀನಾದ ಗೋಧಿ ನೂಡಲ್ಸ್ ಜಪಾನಿನ ಬಂದರು ಊರುಗಳಿಗೆ ಬಂತು. 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ರಾಯ್‌ರಾಯ್‌ಕೆನ್ ಎಂಬ ಅಂಗಡಿ ತೆರೆದು ಅದನ್ನು ಜನರ ಊಟ ಮಾಡಿತು. ಬೇಯಿಸಿದ ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ಒಣಗಿಸಿದರೆ ಬಿಸಿನೀರಲ್ಲಿ ಮತ್ತೆ ಮೆತ್ತಗಾಗುತ್ತದೆ ಅಂತ ಕಂಡುಕೊಂಡವರು ಮೊಮೊಫುಕು ಆಂಡೊ. ಅವರ ‘ಚಿಕನ್ ರಾಮೆನ್’ ಪೊಟ್ಟಣ ಬಂದದ್ದು 1958ರಲ್ಲಿ, ಕಪ್ ನೂಡಲ್ಸ್ 1971ರಲ್ಲಿ. ನಮ್ಮ ಎರಡು ನಿಮಿಷದ ನೂಡಲ್ಸೆಲ್ಲ ಆ ಮೇಲಿನ ಮಾತು.

ನಿಜವಾದ ವ್ಯತ್ಯಾಸ ಇರೋದು ಸಾರಿನಲ್ಲಿ. ರಾಮೆನ್ ಅಂಗಡಿಯವರು ಗಂಟೆಗಟ್ಟಲೆ ಕುದಿಸೋದು ಸಾರನ್ನು. ನೂಡಲ್ಸ್ ಬೇಯುವುದು ಒಂದೆರಡು ನಿಮಿಷ ಅಷ್ಟೇ. ಬಟ್ಟಲಿನ ತಳಕ್ಕೆ ಮೊದಲು ‘ತಾರೆ’ ಅನ್ನುವ ಗಟ್ಟಿ ಉಪ್ಪು ರಸ ಒಂದು ಸೌಟು ಹಾಕುತ್ತಾರೆ, ಅದರ ಮೇಲೆ ಬಿಸಿ ಸಾರು ಸುರಿಯುತ್ತಾರೆ, ಆಮೇಲೆ ನೂಡಲ್ಸ್ ಇಳಿಸುತ್ತಾರೆ. ನಾನಂತೂ ಈಗ ಸೂಪ್ ಅನ್ನುವುದನ್ನೇ ಬಿಟ್ಟು ಸಾರು ಅಂತಲೇ ಅನ್ನುತ್ತೇನೆ.

ನೂಡಲ್ಸ್ ಹಳದಿ ಇರುತ್ತಲ್ಲ, ಮೊಟ್ಟೆ ಹಾಕಿರ್ತಾರಾ?

ಕೆಲವರು ಹಾಕುತ್ತಾರೆ, ಆದರೆ ಹಳದಿಗೆ ಮುಖ್ಯ ಕಾರಣ ಅದಲ್ಲ. ಹಿಟ್ಟು ಕಲಸುವಾಗ ‘ಕಾನ್ಸುಯಿ’ ಅನ್ನುವ ಕ್ಷಾರದ ನೀರು ಹಾಕುತ್ತಾರೆ. ಗೋಧಿ ಹಿಟ್ಟಿಗೆ ಕ್ಷಾರ ಬಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ, ಎಳೆಗೆ ರಬ್ಬರಿನಂಥ ಬಿಗಿ ಬರುತ್ತದೆ, ಒಂದು ಥರ ವಾಸನೆಯೂ ಬರುತ್ತದೆ. ನಮ್ಮಲ್ಲಿ ಹಪ್ಪಳದ ಹಿಟ್ಟಿಗೆ ಖಾರ ಹಾಕುತ್ತಾರಲ್ಲ, ಮೆಣಸಿನ ಖಾರ ಅಲ್ಲ, ಅಂಗಡಿಯಲ್ಲಿ ಬಿಳಿ ಪುಡಿಯಾಗಿ ಸಿಗುವ ಆ ಖಾರ, ಅದೇ ಜಾತಿ ಇದು. ಮನೆಯಲ್ಲಿ ನೋಡಬೇಕೆಂದರೆ ಸ್ಪಗೆಟ್ಟಿ ಬೇಯಿಸುವ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ. ಉಕ್ಕುತ್ತದೆ, ದೊಡ್ಡ ಪಾತ್ರೆ ಇಡಿ.

ಜಪಾನಿಗೆ ಮೊದಲ ಸಲ ಹೋಗ್ತಿದ್ದೀನಿ. ಯಾವ ರಾಮೆನ್ ತಿನ್ನಲಿ?

ಇರುವ ಊರಿನದ್ದು ತಿನ್ನಿ. ಟೋಕಿಯೊದಲ್ಲಿ ಸೋಯಾ ಸಾಸಿನ ‘ಶೋಯು’, ತಿಳಿ ಕಂದು ಸಾರು. ಉತ್ತರದ ಸಪ್ಪೊರೊ ಚಳಿ ಊರು, ಅಲ್ಲಿ ‘ಮಿಸೊ’. ಹುದುಗಿಸಿದ ಸೋಯಾ ಪೇಸ್ಟು, ದಪ್ಪ ಗುಂಗುರು ನೂಡಲ್ಸ್, ಕೆಲವು ಕಡೆ ಮೇಲೊಂದು ತುಂಡು ಬೆಣ್ಣೆ, ಜೋಳದ ಕಾಳು. ದಕ್ಷಿಣದ ಫುಕುವೊಕಾದಲ್ಲಿ, ಅಂದರೆ ಹಕಾತಾದಲ್ಲಿ, ಹಂದಿ ಮೂಳೆಯ ‘ತೊಂಕೊತ್ಸು’. ಸಣ್ಣ ಉರಿಯಲ್ಲಲ್ಲ, ಕೊತಕೊತ ಅಂತ ಜೋರಾಗಿ ಕುದಿಸುವುದರಿಂದ ಕೊಬ್ಬೂ ಮೂಳೆಯ ಅಂಟೂ ನೀರಿನಲ್ಲಿ ಒಡೆದು ಬೆರೆತು ಸಾರು ಹಾಲಿನ ಹಾಗೆ ಬೆಳ್ಳಗಾಗುತ್ತದೆ.

ನನ್ನ ಮತ ತೊಂಕೊತ್ಸುವಿಗೆ. ಅದರ ಕಥೆಯೂ ಚೆನ್ನಾಗಿದೆ. ಫುಕುವೊಕಾದ ನಾಗಾಹಾಮದಲ್ಲಿ ಮೀನು ಮಾರುಕಟ್ಟೆ ಇದೆ. ಅಲ್ಲಿಯವರಿಗೆ ಕಾಯಲು ಪುರುಸೊತ್ತಿಲ್ಲ. ಹಾಗಾಗಿ ಥಟ್ಟನೆ ಬೇಯುವ ಹಾಗೆ ಎಳೆ ತೆಳ್ಳಗಾಯಿತು. ತೆಳ್ಳಗಿನ ಎಳೆ ಸಾರಿನಲ್ಲಿ ಬೇಗ ಮೆತ್ತಗಾಗಿಬಿಡುತ್ತದೆ, ಅದಕ್ಕೆ ಒಂದೇ ಸಲ ಜಾಸ್ತಿ ಹಾಕದೆ, ಬೇಕಾದರೆ ಇನ್ನೊಂದು ಹಿಡಿ ಹಾಕಿಕೊಡುವ ಪದ್ಧತಿ ಬಂತು. ಅದನ್ನು ‘ಕಾಏದಾಮ’ ಅನ್ನುತ್ತಾರೆ. ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಎಷ್ಟು ಗಟ್ಟಿ ಬೇಕು ಅಂತಲೂ ಕೇಳುತ್ತಾರೆ: ‘ಕಾತ’ ಅಂದರೆ ಗಟ್ಟಿ, ‘ಬಾರಿಕಾತ’ ಅಂದರೆ ಹಲ್ಲಿಗೆ ಸಿಗುವಷ್ಟು ಗಟ್ಟಿ. ನಾನು ಮೊದಲ ಸಲ ಸಾರೆಲ್ಲ ಕುಡಿದು ಮುಗಿಸಿ ಆಮೇಲೆ ಕಾಏದಾಮ ಕೇಳಿದೆ. ಬರೀ ನೂಡಲ್ಸ್ ಬಂತು. ಸಾರು ಕೊಡುವುದಿಲ್ಲ. ಖಾಲಿ ಬಟ್ಟಲಿನಲ್ಲಿ ಒಣ ನೂಡಲ್ಸ್ ಹಾಕಿಕೊಂಡು ಕೂತ ನನ್ನನ್ನು ಪಕ್ಕದ ಅಜ್ಜ ಎಷ್ಟು ಕನಿಕರದಿಂದ ನೋಡಿದರು ಅಂತೀರಿ. ಸಾರು ಉಳಿಸಿಕೊಳ್ಳಿ.

ಬಾಗಿಲಲ್ಲೇ ಒಂದು ಮಷಿನ್ ಇರುತ್ತಂತೆ, ಎಲ್ಲ ಜಪಾನೀಸ್‌ನಲ್ಲಿ. ಏನ್ ಮಾಡೋದು?

ಅದು ಕೂಪನ್ ಮಷಿನ್. ನಮ್ಮ ದರ್ಶಿನಿಯಲ್ಲಿ ಕೌಂಟರಿನಲ್ಲಿ ದುಡ್ಡು ಕೊಟ್ಟು ಬಿಲ್ ತಗೊಂಡು ಒಳಗೆ ಕೊಡುತ್ತೇವಲ್ಲ, ಅದೇ ಲೆಕ್ಕ, ಮನುಷ್ಯನ ಬದಲು ಯಂತ್ರ. ಮೊದಲು ದುಡ್ಡು ಹಾಕಿ, ಆಮೇಲೆ ಬಟನ್ ಒತ್ತಿ, ಬಂದ ಚೀಟಿಯನ್ನು ಅಡುಗೆಯವರ ಮುಂದಿಡಿ. ಏನೂ ಓದಲು ಬರದಿದ್ದರೆ ಎಡಗಡೆ ಮೇಲಿನ ಮೊದಲ ಬಟನ್ ಒತ್ತಿ. ಸಾಮಾನ್ಯವಾಗಿ ಆ ಅಂಗಡಿಯ ಹೆಸರುವಾಸಿ ಬಟ್ಟಲು ಅಲ್ಲೇ ಇರುತ್ತದೆ. ಇದು ಸಸ್ಯಾಹಾರಿಗಳಿಗೆ ಹೇಳಿದ ಮಾತಲ್ಲ! ಹಳೇ ಮಷಿನ್‌ಗಳು 1,000 ಯೆನ್ ನೋಟು ಮತ್ತು ಚಿಲ್ಲರೆ ಮಾತ್ರ ನುಂಗುತ್ತವೆ, ದೊಡ್ಡ ನೋಟು ಮುರಿಸಿಟ್ಟುಕೊಂಡಿರಿ.

ಸೊರ್ ಸೊರ್ ಅಂತ ಸದ್ದು ಮಾಡಿ ತಿನ್ನಬೇಕಂತೆ, ನಿಜಾನಾ?

ಜಪಾನಿನಲ್ಲಿ ನಿಜ. ಸುಡುವ ಎಳೆಯನ್ನು ಗಾಳಿಯ ಜೊತೆ ಎಳೆದುಕೊಂಡರೆ ಬಾಯಿ ಸುಡುವುದಿಲ್ಲ, ಪರಿಮಳವೂ ಮೂಗಿಗೆ ಹತ್ತುತ್ತದೆ. ಎಲೆ ಊಟದಲ್ಲಿ ತಿಳಿಸಾರನ್ನು ಅಂಗೈಗೆ ಹಾಕಿಸಿಕೊಂಡು ಸೊರ್ರಂತ ಕುಡಿದವರಿಗೆ ಇದನ್ನೇನು ಕಲಿಸಬೇಕಾಗಿಲ್ಲ. ಕಷ್ಟ ಬರೋದು ಕಾನ್ವೆಂಟಿನಲ್ಲಿ ಓದಿದವರಿಗೆ. ಬೇರೆ ದೇಶಗಳಲ್ಲಿ ಪಕ್ಕದವರನ್ನು ನೋಡಿಕೊಂಡು ಮಾಡಿ. ಬಟ್ಟಲು ಎತ್ತಿ ಕುಡಿಯುವುದು ಜಪಾನಿನಲ್ಲಿ ಸಹಜ, ಕೊರಿಯಾದಲ್ಲಿ ಬಟ್ಟಲು ಮೇಜಿನ ಮೇಲೇ ಇರಬೇಕು.

‘ವೆಜಿಟೆಬಲ್ ರಾಮೆನ್’ ಅಂತ ಬರೆದಿದ್ರೆ ಸಸ್ಯಾಹಾರ ಅಲ್ವಾ?

ಅಲ್ಲ. ಅಲ್ಲವೇ ಅಲ್ಲ. ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ನಂಬರ್ ಒನ್. ನಾನೇ ಇದರಲ್ಲಿ ಬಿದ್ದವಳು.

ಟೋಕಿಯೊದ ಒಂದು ಸಣ್ಣ ಅಂಗಡಿ. ಗೋಡೆ ಮೇಲಿನ ಫೋಟೋದಲ್ಲಿ ಎಲೆಕೋಸು, ಕ್ಯಾರೆಟ್, ಹೆಸರುಕಾಳಿನ ಮೊಳಕೆ ರಾಶಿ ರಾಶಿ. ಮಾಂಸದ ಒಂದು ಚೂರೂ ಕಾಣಲಿಲ್ಲ. ‘ಮೀಟ್ ನೋ?’ ಅಂತ ಕೇಳಿದೆ. ಹುಡುಗ ತಲೆಯಾಡಿಸಿದ, ‘ನೋ ಮೀಟ್’. ಮೊಟ್ಟೆಯನ್ನೂ ಬೇಡ ಅಂದೆ. ಅಮ್ಮ ಎರಡು ದಿನದಿಂದ ಬ್ರೆಡ್ಡು, ಬಾಳೆಹಣ್ಣಿನಲ್ಲಿದ್ದರು. ಬಿಸಿಬಿಸಿ ಬಟ್ಟಲು ನೋಡಿ ಮುಖ ಅರಳಿತು. ಅರ್ಧ ಮುಗಿಸಿ, ‘ಸಾರು ಭಾಳ ಚೆನ್ನಾಗಿದೆ ಕಣೇ, ಏನು ಹಾಕಿದಾರೆ ಕೇಳು’ ಅಂದರು. ನಾನು ಕೇಳಿದೆ. ಕೇಳಬಾರದಿತ್ತು. ಹುಡುಗ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದ: ಹಂದಿ ಮೂಳೆ, ಕೋಳಿ ಮೂಳೆ, ಒಣಮೀನು.

ಆ ಹುಡುಗ ಸುಳ್ಳು ಹೇಳಿರಲಿಲ್ಲ. ಬಟ್ಟಲಿನಲ್ಲಿ ಮಾಂಸ ಇರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು. ನಮಗೆ ಸಸ್ಯಾಹಾರ ಅಂದರೆ ಪಾತ್ರೆಯಿಂದ ಹಿಡಿದು ಸೌಟಿನವರೆಗೆ. ಅವರಿಗೆ ‘ಮಾಂಸ ಇಲ್ಲ’ ಅಂದರೆ ತುಂಡು ಇಲ್ಲ ಅಂತ ಅರ್ಥ. ಜಪಾನಿನ ಬಹುಪಾಲು ಸಾರಿನ ಬೇರು ‘ದಾಶಿ’. ಅದನ್ನು ಮಾಡೋದು ಕೊಂಬು ಅನ್ನುವ ಸಮುದ್ರದ ಪಾಚಿ, ಕತ್ಸುಓಬುಶಿ ಅನ್ನುವ ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಮೀನು, ಇಲ್ಲವೇ ನಿಬೊಶಿ ಅನ್ನುವ ಸಣ್ಣ ಒಣಮೀನಿನಿಂದ. ಕಣ್ಣಿಗೆ ಬರೀ ತಿಳಿನೀರು. ಹಾಗಾಗಿ ‘ಏನು ಹಾಕಿದ್ದೀರಿ’ ಅಂತ ಕೇಳಬೇಡಿ, ‘ಸಾರು ಯಾವುದರಿಂದ ಮಾಡಿದ್ದೀರಿ’ ಅಂತ ಕೇಳಿ. ಮೂಳೆ, ಮೀನು, ಸೀಗಡಿ ಪೇಸ್ಟು, ಮೀನಿನ ಸಾಸು, ಒಂದೊಂದಾಗಿ ಹೆಸರಿಟ್ಟು ಕೇಳಿ. ಫೋನಿನಲ್ಲಿ ಆ ದೇಶದ ಭಾಷೆಯಲ್ಲಿ ಒಂದು ಚೀಟಿ ಮಾಡಿಟ್ಟುಕೊಳ್ಳಿ.

ಹಾಗಾದ್ರೆ ಸಸ್ಯಾಹಾರಿಗಳು ಹೋಗೋದೇ ಬೇಡ್ವಾ?

ಹೋಗಿ. ಬೌದ್ಧರಿದ್ದ ಕಡೆಯೆಲ್ಲ ಸಸ್ಯಾಹಾರದ ಒಂದು ಹಳೇ ದಾರಿ ಇದ್ದೇ ಇದೆ. ಆ ದಾರಿಯ ಹೆಸರು ಊರೂರಿಗೆ ಬೇರೆ, ಅಷ್ಟೇ.

ಥಾಯ್ಲೆಂಡಿನಲ್ಲಿ ಆ ಪದ ‘ಜೇ’. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ, ಥಾಯ್ ಓದಲು ಬರದವರಿಗೆ ಅದು ಥೇಟ್ 17 ಅಂತ ಬರೆದ ಹಾಗೆ ಕಾಣುತ್ತದೆ. 17 ಕಂಡರೆ ಒಳಗೆ ನುಗ್ಗಿ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ನಮ್ಮಲ್ಲಿ ಮಡಿ ಊಟ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೇ ಸುದ್ದಿ ಏನಿದೆ? ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿನಲ್ಲಿ ಒಂಬತ್ತು ದಿನ ಜೇ ಹಬ್ಬ ಬರುತ್ತದೆ. ಫುಕೆಟ್‌ನಲ್ಲಿ ಜೋರು, ಬ್ಯಾಂಕಾಕಿನ ಚೈನಾಟೌನಿನಲ್ಲೂ ಗಾಡಿ ಗಾಡಿಗೂ ಹಳದಿ ಬಾವುಟ.

ವಿಯೆಟ್ನಾಮಿನಲ್ಲಿ ‘ಚಾಯ್’. ಟೀ ಅಲ್ಲ, ಸಸ್ಯಾಹಾರ. ‘ತೋಯ್ ಅನ್ ಚಾಯ್’ ಅಂದರೆ ನಾನು ಸಸ್ಯಾಹಾರಿ. ಅಲ್ಲಿ ತುಂಬಾ ಜನ ಚಾಂದ್ರ ತಿಂಗಳ ಮೊದಲನೇ ದಿನ ಮತ್ತು ಹದಿನೈದನೇ ದಿನ ಮಾಂಸ ಬಿಡುತ್ತಾರೆ, ನಮ್ಮಲ್ಲಿ ಏಕಾದಶಿ ಹಿಡಿದ ಹಾಗೆ. ಆ ದಿನಗಳಲ್ಲಿ ‘ಫೋ ಚಾಯ್’ ಸುಲಭವಾಗಿ ಸಿಗುತ್ತದೆ. ತೈವಾನ್ ಇನ್ನೂ ಸಲೀಸು. ಚೀನೀ ಮಾತಿನಲ್ಲಿ ಪದ ‘ಸು’.

ಜಪಾನಿನಲ್ಲಿ ದೇವಸ್ಥಾನದ ಊಟಕ್ಕೆ ‘ಶೋಜಿನ್ ರ್ಯೋರಿ’ ಅನ್ನುತ್ತಾರೆ, ಅದರ ದಾಶಿ ಕೊಂಬು ಮತ್ತು ಒಣಗಿಸಿದ ಶಿಟಾಕೆ ಅಣಬೆಯದ್ದು. ರಾಮೆನ್ನೇ ಬೇಕೆಂದರೆ ಟೋಕಿಯೊದಲ್ಲಿ ವೀಗನ್ ರಾಮೆನ್ ಅಂಗಡಿಗಳಿವೆ, ಕೊನೆಯ ಪ್ರಶ್ನೆ ನೋಡಿ. ಉಡಾನ್, ಸೋಬಾ ಅನ್ನುವ ಬೇರೆ ನೂಡಲ್ಸ್ ಸಾದಾ ಕಾಣುತ್ತವೆ ಅಂತ ಮೋಸ ಹೋಗಬೇಡಿ, ಅವುಗಳ ಸಾರೂ ಮೀನಿನ ದಾಶಿಯೇ.

ಇನ್ನೊಂದು ಸಣ್ಣ ತೊಂದರೆ. ಜಪಾನಿನ ಎಷ್ಟೋ ರಾಮೆನ್ ಅಂಗಡಿಗಳಲ್ಲಿ ಕೂತವರೆಲ್ಲ ಒಂದೊಂದು ಬಟ್ಟಲು ತಗೊಳ್ಳಬೇಕು. ಅಂಗಡಿಯಲ್ಲಿ ಎಂಟು–ಹತ್ತು ಸ್ಟೂಲು ಇರುತ್ತವೆ, ಹೊರಗೆ ಕ್ಯೂ ಇರುತ್ತದೆ. ‘ಅಮ್ಮ ಸುಮ್ನೆ ಜೊತೆಗೆ ಕೂತಿರ್ತಾರೆ’ ನಡೆಯುವುದಿಲ್ಲ. ಇಬ್ಬರಿಗೂ ಆಗುವ ಜಾಗ ಹುಡುಕಿ, ಇಲ್ಲವೇ ಸರದಿಯ ಮೇಲೆ ತಿನ್ನಿ.

ಫೋ ಅನ್ನೋದನ್ನ ಹೇಗೆ ಹೇಳೋದು? ಹನೋಯ್ ಒಳ್ಳೇದಾ, ಸೈಗಾನ್ ಒಳ್ಳೇದಾ?

‘ಫೋ’ ಅಲ್ಲ, ‘ಫ’ ಅಂತ ಸ್ವಲ್ಪ ಎಳೆದು, ಪ್ರಶ್ನೆ ಕೇಳಿದ ಹಾಗೆ ಕೊನೆಗೆ ದನಿ ಎತ್ತಬೇಕು. ಬರೆಯುವಾಗ ನಾನೂ ಫೋ ಅಂತಲೇ ಬರೆಯುತ್ತೇನೆ, ಬಿಡಿ.

ಅಕ್ಕಿಯ ಅಗಲ ಎಳೆ, ದನದ ಮೂಳೆಯ ಇಲ್ಲವೇ ಕೋಳಿಯ ತಿಳಿಸಾರು. ಶುಂಠಿ, ಈರುಳ್ಳಿಯನ್ನು ಕೆಂಡದ ಮೇಲೆ ಸುಟ್ಟು ಹಾಕುತ್ತಾರೆ, ಜೊತೆಗೆ ಚಕ್ಕೆ, ಲವಂಗ, ಚಕ್ರಮೊಗ್ಗು, ಕಪ್ಪು ಏಲಕ್ಕಿ. ಮೊದಲ ಸಲ ಬಟ್ಟಲಿಗೆ ಮುಖ ಬಗ್ಗಿಸಿದಾಗ ನನಗೆ ಬಿರಿಯಾನಿ ಮುಚ್ಚಳ ತೆಗೆದ ಹಾಗಾಯಿತು. ಉತ್ತರದ ಹನೋಯ್‌ನಲ್ಲಿ ಸಾರು ತಿಳಿ, ಮೇಲೆ ಈರುಳ್ಳಿ ಸೊಪ್ಪು, ಅದ್ದಿಕೊಳ್ಳಲು ಕರಿದ ಹಿಟ್ಟಿನ ಕಡ್ಡಿ. ದಕ್ಷಿಣದ ಸೈಗಾನಿನಲ್ಲಿ ಸಾರು ಸ್ವಲ್ಪ ಸಿಹಿ, ಪಕ್ಕದಲ್ಲಿ ತಟ್ಟೆ ತುಂಬಾ ಸೊಪ್ಪು, ಮೊಳಕೆ, ನಿಂಬೆ, ಮೆಣಸಿನಕಾಯಿ, ಎರಡು ಥರ ಸಾಸು. ನನಗೆ ಹನೋಯ್. ಸೊಪ್ಪಿನ ತಟ್ಟೆ ಸಿಕ್ಕ ಕೂಡಲೇ ಎಲ್ಲ ಹರಿದು ಸುರಿದುಬಿಡಬೇಡಿ. ಮೊದಲು ಎರಡು ಚಮಚ ಸಾರು ಹಾಗೇ ಕುಡಿಯಿರಿ. ಅಡುಗೆಯವರು ರಾತ್ರಿಯೆಲ್ಲ ಕುದಿಸಿದ್ದಕ್ಕೆ ಅಷ್ಟಾದರೂ ಮರ್ಯಾದೆ ಬೇಡವೇ?

ಬೆಳಗ್ಗೆ ಹೋಗಿ. ಅದು ಅಲ್ಲಿಯವರ ತಿಂಡಿ, ನಮಗೆ ಇಡ್ಲಿ ಇದ್ದ ಹಾಗೆ. ಒಳ್ಳೇ ಗಾಡಿಗಳಲ್ಲಿ ಹೊತ್ತೇರುವಷ್ಟರಲ್ಲಿ ಪಾತ್ರೆ ಖಾಲಿ. ಖಾರ ಬೇಕೆನ್ನುವವರು ಹ್ಯೂ ಊರಿನ ‘ಬುನ್ ಬೊ ಹ್ಯೂ’ ಹುಡುಕಿ, ನಿಂಬೆಹುಲ್ಲು, ಸೀಗಡಿ ಪೇಸ್ಟು, ಮೆಣಸಿನ ಎಣ್ಣೆ ಎಲ್ಲ ಬಿದ್ದ ಕೆಂಪು ಸಾರು.

ಥಾಯ್ಲೆಂಡಿನಲ್ಲಿ ಮೇಜಿನ ಮೇಲೆ ಸಕ್ಕರೆ ಯಾಕಿಟ್ಟಿರ್ತಾರೆ?

ನೂಡಲ್ಸಿಗೆ ಹಾಕಿಕೊಳ್ಳಲು. ನಗಬೇಡಿ. ನಾಲ್ಕು ಡಬ್ಬಿ ಇರುತ್ತವೆ: ಸಕ್ಕರೆ, ಮೀನಿನ ಸಾಸು, ಒಣಮೆಣಸಿನ ಪುಡಿ, ವಿನೆಗರಿನಲ್ಲಿ ನೆನೆಸಿದ ಮೆಣಸಿನಕಾಯಿ. ಅಂಗಡಿಯವರು ಅರ್ಧ ರುಚಿ ಕೊಡುತ್ತಾರೆ, ಉಳಿದರ್ಧ ನಿಮ್ಮ ಕೈಯಲ್ಲಿ. ಸಾರಿಗೆ ಒಂದು ಚೂರು ಬೆಲ್ಲ ಹಾಕುವ ಊರಿನಿಂದ ಬಂದ ನಾವು ಇದಕ್ಕೆ ಆಶ್ಚರ್ಯಪಡುವುದೇ ತಮಾಷೆ.

ಬ್ಯಾಂಕಾಕಿನ ವಿಕ್ಟರಿ ಮಾನ್ಯುಮೆಂಟ್ ಹತ್ತಿರ ದೋಣಿ ನೂಡಲ್ಸ್ ಅಂಗಡಿಗಳ ಸಾಲು ಇದೆ. ಹಿಂದೆ ಕಾಲುವೆಯಲ್ಲಿ ದೋಣಿಯಿಂದ ಮಾರುತ್ತಿದ್ದರು, ಈಗ ನೆಲದ ಮೇಲೆ. ಬಟ್ಟಲು ಅಂಗೈಯಗಲ, ನಾಲ್ಕು ತುತ್ತಿಗೆ ಮುಗಿಯುತ್ತದೆ, ಒಬ್ಬೊಬ್ಬರು ಹತ್ತು ಬಟ್ಟಲು ಜೋಡಿಸಿಟ್ಟಿರುತ್ತಾರೆ. ಸಾರು ಗಾಢ ಬಣ್ಣದ್ದು, ಅದಕ್ಕೆ ರಕ್ತ ಬೆರೆಸುತ್ತಾರೆ. ತಿನ್ನುವ ಮೊದಲೇ ಗೊತ್ತಿದ್ದರೆ ಒಳ್ಳೇದು ಅಂತ ಹೇಳಿದೆ.

ನಮ್ಮ ಬಾಯಿರುಚಿಗೆ ಹತ್ತಿರ ಇರೋದು ಯಾವುದು?

ತೆಂಗಿನಕಾಯಿ ಹಾಲು ಬೀಳುವ ಬಟ್ಟಲುಗಳು. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ‘ಖಾವ್ ಸೊಯ್’ ತಿಂದರೆ ಕೊಡಗಿನವರಿಗೆ ನೂಪುಟ್ಟು, ಕೋಳಿ ಸಾರು ನೆನಪಾಗದೇ ಇರದು. ಮೊಟ್ಟೆ ನೂಡಲ್ಸ್, ತೆಂಗಿನಹಾಲಿನ ಮಸಾಲೆ ಸಾರು, ಮೇಲೆ ಗರಿಗರಿ ಕರಿದ ನೂಡಲ್ಸ್, ಪಕ್ಕದಲ್ಲಿ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಸಣ್ಣ ಈರುಳ್ಳಿ, ನಿಂಬೆ. ಸಿಂಗಪುರದ ಕಾಟೊಂಗ್ ಲಕ್ಸದಲ್ಲಿ ಎಳೆಗಳನ್ನು ಮೊದಲೇ ಕತ್ತರಿಸಿ ಹಾಕುತ್ತಾರೆ, ಬರೀ ಚಮಚದಲ್ಲಿ ತಿನ್ನಬಹುದು. ಚಾಪ್‌ಸ್ಟಿಕ್ ಹೆದರಿಕೆ ಇರುವವರು ಅಲ್ಲಿಂದಲೇ ಶುರುಮಾಡಿ. ಸಾರಿನಲ್ಲಿ ಒಣಸೀಗಡಿ ಇರುತ್ತದೆ, ಸಸ್ಯಾಹಾರಿಗಳು ಬೇರೆ ಗಾಡಿ ನೋಡಿ.

ಆದರೆ ಮಂಗಳೂರಿನವರಿಗೆ ನಾನು ಹೇಳುವುದು ಒಂದೇ: ಪೆನಾಂಗ್‌ಗೆ ಹೋಗಿ ‘ಅಸಾಮ್ ಲಕ್ಸ’ ತಿನ್ನಿ. ಅಸಾಮ್ ಅಂದರೆ ಹುಳಿ. ಇದರಲ್ಲಿ ತೆಂಗಿನಹಾಲಿಲ್ಲ. ಹುಣಸೆಹುಳಿ, ಮೆಣಸಿನಕಾಯಿ, ಬೇಯಿಸಿ ಬಿಡಿಸಿದ ಮೀನು. ಮೀನು ಯಾವುದು ಅಂದರೆ ಅವರು ‘ಕೆಂಬುಂಗ್’ ಅನ್ನುತ್ತಾರೆ, ನಾವು ಬಂಗುಡೆ ಅನ್ನುತ್ತೇವೆ. ಅಂದರೆ ಬಂಗುಡೆ ಪುಳಿಮುಂಚಿಯನ್ನು ತೆಳ್ಳಗೆ ಮಾಡಿ, ದಪ್ಪ ಅಕ್ಕಿ ಶಾವಿಗೆಗೆ ಸುರಿದು, ಮೇಲೆ ಪುದೀನ, ಅನಾನಸ್, ಸೌತೆಕಾಯಿ, ಶುಂಠಿ ಹೂವಿನ ಚೂರು ಹಾಕಿದರೆ ಹೇಗಿರುತ್ತದೋ ಹಾಗೆ. ಜೊತೆಗೆ ಒಂದು ಚಮಚ ಕಪ್ಪು ಸೀಗಡಿ ಪೇಸ್ಟು. ನನ್ನ ಪಟ್ಟಿಯಲ್ಲಿ ರಾಮೆನ್ನಿಗಿಂತ ಇದು ಮೇಲೆ. ಈ ಮಾತಿಗೆ ಜಗಳಕ್ಕೆ ಬರುವವರು ಬರಬಹುದು.

ಸಿಂಗಪುರದ ಫುಡ್ ಸೆಂಟರಿನಲ್ಲಿ ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇತ್ತು, ಯಾರೋ ಮರೆತು ಹೋಗಿದ್ರಾ?

ಇಲ್ಲ, ಸೀಟು ಹಿಡಿದಿದ್ದಾರೆ. ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದ ಹಾಗೆ. ತಿಂದ ಮೇಲೆ ತಟ್ಟೆಯನ್ನು ನೀವೇ ತಗೊಂಡು ಹೋಗಿ ಇಡಬೇಕು, 2021ರಿಂದ ಅದು ಕಡ್ಡಾಯ.

ಹಲಾಲ್ ನೂಡಲ್ ಸಾರು ಸಿಗುತ್ತಾ?

ಮಲೇಷ್ಯಾ, ಇಂಡೊನೇಷ್ಯಾದಲ್ಲಿ ಧಾರಾಳ. ಚೀನಾದಲ್ಲಿ ಲಾನ್‌ಝೌ ಊರಿನ ದನದ ಮಾಂಸದ ನೂಡಲ್ಸ್ ಹುಯಿ ಮುಸ್ಲಿಮರ ಕೈಯಡುಗೆ. ಒಳ್ಳೇ ಬಟ್ಟಲಿಗೆ ಐದು ಗುರುತು ಹೇಳುತ್ತಾರೆ: ಸಾರು ತಿಳಿ, ಮೂಲಂಗಿ ಬಿಳಿ, ಮೆಣಸಿನೆಣ್ಣೆ ಕೆಂಪು, ಸೊಪ್ಪು ಹಸಿರು, ಎಳೆ ಹಳದಿ. ಹಿಟ್ಟನ್ನು ಕೈಯಲ್ಲೇ ಎಳೆದು ಎಳೆದು, ಕೂದಲಿನಷ್ಟು ಸಣ್ಣದರಿಂದ ಬೆಲ್ಟಿನಷ್ಟು ಅಗಲದವರೆಗೆ ಕೇಳಿದ ಹಾಗೆ ಮಾಡಿಕೊಡುತ್ತಾರೆ. ನೋಡಲಿಕ್ಕೇ ಒಂದು ಸಲ ನಿಲ್ಲಬೇಕು.

ತಣ್ಣಗಿನ ನೂಡಲ್ ಸಾರು ಅಂತ ಇದೆಯಂತೆ?

ಕೊರಿಯಾದ ‘ನೆಂಗ್‌ಮ್ಯೊನ್’. ಸಾರಿನಲ್ಲಿ ಐಸ್ ತೇಲುತ್ತಿರುತ್ತದೆ. ಹುರುಳಿಯಲ್ಲ, ಬಕ್‌ವೀಟ್ ಅನ್ನುವ ಬೇರೆ ಕಾಳಿನ ಹಿಟ್ಟಿನ ಎಳೆ, ಎಷ್ಟು ಜಿಗುಟು ಅಂದರೆ ಮೇಜಿನ ಮೇಲೆ ಕತ್ತರಿ ಕೊಡುತ್ತಾರೆ. 2018ರ ಏಪ್ರಿಲಿನಲ್ಲಿ ಎರಡೂ ಕೊರಿಯಾದ ನಾಯಕರು ಭೇಟಿಯಾದಾಗ ಪ್ಯೊಂಗ್‌ಯಾಂಗ್ ಶೈಲಿಯ ನೆಂಗ್‌ಮ್ಯೊನ್ ಬಡಿಸಿದ್ದರು, ಅವತ್ತು ಸೋಲ್‌ನ ನೆಂಗ್‌ಮ್ಯೊನ್ ಅಂಗಡಿಗಳ ಮುಂದೆಲ್ಲ ಕ್ಯೂ. ಸಾರು ದನದ್ದು. ಸಸ್ಯಾಹಾರಿಗಳು ಬೇಸಿಗೆಯಲ್ಲಿ ‘ಕೊಂಗುಕ್ಸು’ ಕೇಳಿ ನೋಡಿ, ಸೋಯಾ ಕಾಳು ರುಬ್ಬಿದ ತಣ್ಣನೆಯ ಹಾಲಿನಲ್ಲಿ ಗೋಧಿ ಎಳೆ. ಸಪ್ಪೆ ಅನ್ನಿಸುತ್ತದೆ, ಉಪ್ಪು ಕೇಳಿ ಹಾಕಿಕೊಳ್ಳಿ. ಪಕ್ಕಕ್ಕೆ ಕೊಡುವ ಕಿಮ್ಚಿ ಅನ್ನುವ ಎಲೆಕೋಸಿನ ಉಪ್ಪಿನಕಾಯಿಯಲ್ಲಿ ಸಾಮಾನ್ಯವಾಗಿ ಮೀನಿನ ಸಾಸು ಇರುತ್ತದೆ.

ರಸ್ತೆ ಬದಿ ತಿಂದ್ರೆ ಹೊಟ್ಟೆ ಕೆಡಲ್ವಾ?

ನೂಡಲ್ ಸಾರು ರಸ್ತೆ ಬದಿಯ ತಿಂಡಿಗಳಲ್ಲೇ ಸ್ವಲ್ಪ ಧೈರ್ಯದ್ದು, ಕುದಿಯುತ್ತಿರುವ ಪಾತ್ರೆಯಿಂದ ನೇರ ಬಟ್ಟಲಿಗೆ ಬರುತ್ತದೆ. ನಾನು ನೋಡುವುದು ಎರಡೇ: ಪಾತ್ರೆ ಕುದಿಯುತ್ತಿದೆಯಾ, ಊರಿನವರು ನಿಂತು ತಿನ್ನುತ್ತಿದ್ದಾರಾ. ಹಸಿ ಸೊಪ್ಪಿನ ಮೇಲೆ ಅನುಮಾನ ಇದ್ದರೆ ಬಿಸಿ ಸಾರಿನಲ್ಲಿ ಮುಳುಗಿಸಿ. ನನಗೆ ಹೊಟ್ಟೆ ಕೆಟ್ಟದ್ದು ಒಂದೇ ಸಲ, ಅದೂ ಒಂದು ಹೋಟೆಲಿನ ಎಸಿ ಬಫೆಯಲ್ಲಿ.

ದುಡ್ಡು ಎಷ್ಟಾಗುತ್ತೆ?

ಜಪಾನಿನಲ್ಲಿ ಸಾದಾ ರಾಮೆನ್ 1,000 ಯೆನ್ ಆಸುಪಾಸು. ಅಲ್ಲಿಯವರೇ ‘ಸಾವಿರ ಯೆನ್ ಗೋಡೆ’ ಅಂತ ಮಾತಾಡಿಕೊಳ್ಳುತ್ತಾರೆ, ಅದನ್ನು ದಾಟಿದರೆ ಗಿರಾಕಿ ಮುಖ ಸಿಂಡರಿಸುತ್ತಾನೆ ಅಂತ. ಈಗ ದಾಟಿದವರು ಬೇಕಾದಷ್ಟು. ವಿಯೆಟ್ನಾಂ, ಥಾಯ್ಲೆಂಡಿನ ರಸ್ತೆ ಬದಿಯಲ್ಲಿ ಅದರ ಅರ್ಧಕ್ಕೂ ಕಮ್ಮಿ. ಜಪಾನಿನಲ್ಲಿ ಟಿಪ್ಸ್ ಕೊಡಬೇಡಿ, ಮರೆತುಹೋದ ದುಡ್ಡು ಅಂತ ಹಿಂದೆ ಓಡಿ ಬರುತ್ತಾರೆ.

ನನಗೆ ಬಿಪಿ ಇದೆ. ತಿನ್ನಬಹುದಾ?

ಡಾಕ್ಟರನ್ನು ಕೇಳಿ. ಗೊತ್ತಿರಲಿ ಅಂತ ಹೇಳುತ್ತೇನೆ: ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಒಂದು ಬಟ್ಟಲು ರಾಮೆನ್ನನ್ನು ಸಾರಿನ ಸಮೇತ ಮುಗಿಸಿದರೆ ಅದು ಅಲ್ಲಿಗೇ ಮುಗಿಯಬಹುದು. ಉಪ್ಪು ಜಾಸ್ತಿ ಇರೋದು ಸಾರಿನಲ್ಲಿ. ಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ಲಿಯವರೂ ಎಷ್ಟೋ ಜನ ಬಿಡುತ್ತಾರೆ.

ಒಬ್ಬಳೇ ಹೋಗಿ ತಿನ್ನಬಹುದಾ?

ಜಪಾನಿನಷ್ಟು ಆರಾಮ ಎಲ್ಲೂ ಇಲ್ಲ. ರಾಮೆನ್ ಕೌಂಟರ್ ಇರುವುದೇ ಒಂಟಿ ಜನಕ್ಕೆ. ಇಚಿರಾನ್ ಅನ್ನುವ ಅಂಗಡಿಗಳಲ್ಲಿ ಪರೀಕ್ಷೆ ಹಾಲಿನ ಹಾಗೆ ಒಬ್ಬೊಬ್ಬರಿಗೂ ಮರದ ಅಡ್ಡ ಕಟ್ಟಿರುತ್ತಾರೆ, ಕಾಗದದಲ್ಲಿ ಟಿಕ್ ಹಾಕಿ ಕೊಟ್ಟರೆ ಎದುರಿನ ಪರದೆ ಕೆಳಗಿಂದ ಬಟ್ಟಲು ಬರುತ್ತದೆ. ಒಂದು ಮಾತೂ ಆಡಬೇಕಿಲ್ಲ. ‘ಮದುವೆ ಆಗಿದ್ಯಾ’ ಅಂತ ಯಾರೂ ಕೇಳುವುದಿಲ್ಲ.

ಸೂಪರ್ ಮಾರ್ಕೆಟ್ಟಿನಿಂದ ಪೊಟ್ಟಣ ತರಬಹುದಾ? ಹಸಿರು ಚುಕ್ಕೆ ಇರುತ್ತಾ?

ಹಸಿರು ಚುಕ್ಕೆ ನಮ್ಮ ದೇಶದ ಗುರುತು, ಅಲ್ಲಿ ಇರುವುದಿಲ್ಲ. ಇಲ್ಲಿ ಸಸ್ಯಾಹಾರಿಯಾಗಿ ಸಿಗುವ ಬ್ರ್ಯಾಂಡೇ ಅಲ್ಲಿ ದನದ ಇಲ್ಲವೇ ಕೋಳಿಯ ಪುಡಿ ಹಾಕಿ ಬರಬಹುದು. ಹಿಂಬದಿಗೆ ಫೋನ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿ ನೋಡಿ.

ವೀಸಾ, ಟಿಕೆಟ್ ಎಲ್ಲ ಈಗ ಆಗಲ್ಲ. ಇಲ್ಲೇ ಹತ್ತಿರ ಏನಾದ್ರೂ?

ಬೈಲುಕುಪ್ಪೆಗೆ ಹೋಗಿ. ಮೈಸೂರಿನಿಂದ ಬಸ್ಸಿನಲ್ಲಿ ಹೊರಟರೆ ಕುಶಾಲನಗರಕ್ಕಿಂತ ಸ್ವಲ್ಪ ಮೊದಲು. 1960ರ ದಶಕದ ಶುರುವಿನಿಂದ ಟಿಬೆಟನ್ನರು ಅಲ್ಲಿ ನೆಲೆಸಿದ್ದಾರೆ, ಉತ್ತರ ಕನ್ನಡದ ಮುಂಡಗೋಡಿನಲ್ಲೂ ಅವರ ಊರುಗಳಿವೆ. ಜನ ಬಂಗಾರದ ದೇವಸ್ಥಾನ ನೋಡಿ, ಮೊಮೊ ತಿಂದು ವಾಪಸ್ ಬರುತ್ತಾರೆ. ನೀವು ಥುಕ್ಪಾ ಕೇಳಿ. ಇನ್ನೂ ಒಳ್ಳೇದು ‘ಥೆಂಥುಕ್’, ಹಿಟ್ಟನ್ನು ಪಟ್ಟಿ ಎಳೆದು ಬೆರಳಲ್ಲಿ ಹರಿದು ಹರಿದು ಕುದಿಯುವ ಸಾರಿಗೆ ಹಾಕುತ್ತಾರೆ. ನನ್ನ ಜೀವನದ ಮೊದಲ ನೂಡಲ್ ಸಾರು ಅದೇ, ಕಾಲೇಜಿನಲ್ಲಿದ್ದಾಗ, ಜುಲೈ ಮಳೆಯಲ್ಲಿ ಪೂರ್ತಿ ನೆಂದು ಹೋಗಿ ಕೂತಿದ್ದೆ. ವೆಜ್ ಥುಕ್ಪಾ ಸಿಗುತ್ತದೆ. ಸಾರಿನ ಪ್ರಶ್ನೆಯನ್ನು ಅಲ್ಲೂ ಕೇಳಿ, ಹಿಂದಿ ನಡೆಯುತ್ತದೆ, ಕನ್ನಡವೂ ಸುಮಾರು ಜನಕ್ಕೆ ಬರುತ್ತದೆ. ಲೋಸಾರ್ ಹೊಸವರ್ಷದ ಮುಂಚೆ ಅವರ ಮನೆಗಳಲ್ಲಿ ‘ಗುಥುಕ್’ ಮಾಡುತ್ತಾರೆ, ಹಿಟ್ಟಿನ ಉಂಡೆಗಳೊಳಗೆ ಮೆಣಸಿನಕಾಯಿ, ಉಣ್ಣೆ, ಇದ್ದಿಲು ಬಚ್ಚಿಟ್ಟಿರುತ್ತಾರೆ. ಯಾರಿಗೆ ಏನು ಸಿಕ್ಕಿತೋ ಅದು ಅವರ ಗುಣ. ಇದ್ದಿಲು ಸಿಕ್ಕವರಿಗೆ ಮನೆಯವರೆಲ್ಲ ಸೇರಿ ತಮಾಷೆ ಮಾಡುತ್ತಾರೆ.

ಚೆನ್ನೈಗೆ ಹೋಗುವವರು ಬೀಚ್ ಸ್ಟೇಷನ್ ಎದುರಿನ ‘ಅತ್ತೊ’ ಗಾಡಿ ನೋಡಿ. ಬರ್ಮಾದಿಂದ ವಾಪಸ್ ಬಂದ ತಮಿಳರು ತಂದ ತಿಂಡಿ. ನೂಡಲ್ಸ್ ಒಣಗೇ ಇರುತ್ತದೆ, ಪಕ್ಕಕ್ಕೆ ಬಾಳೆದಿಂಡಿನ ಬಿಸಿ ಸಾರು ಕೊಡುತ್ತಾರೆ. ಬಾಳೆದಿಂಡು ನಮ್ಮದು ಮಾತ್ರ ಅಂದುಕೊಂಡಿದ್ದೆ.

ಅಷ್ಟೆಲ್ಲ ಆದಮೇಲೆ ಅಮ್ಮ ಏನಂದ್ರು?

ಇದನ್ನು ಕೇಳದವರೇ ಇಲ್ಲ. ಅಮ್ಮ ಬೈಯಲಿಲ್ಲ. ಚಮಚ ಕೆಳಗಿಟ್ಟರು, ನೀರು ಕುಡಿದರು, ರೂಮಿಗೆ ಹೋಗಿ ಸ್ನಾನ ಮಾಡಿದರು. ರಾತ್ರಿ ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಬ್ರೆಡ್ಡಿಗೆ ಹಚ್ಚಿ ತಿಂದು ಮಲಗಿದರು. ನನಗೇ ನಿದ್ದೆ ಬರಲಿಲ್ಲ.

ಮಾರನೇ ದಿನ ಟೋಕಿಯೊ ರೈಲು ನಿಲ್ದಾಣದಲ್ಲಿ ಟೀಸ್ ತಂತನ್ ಅನ್ನುವ ಅಂಗಡಿಗೆ ಕರೆದುಕೊಂಡು ಹೋದೆ. ಟಿಕೆಟ್ ಗೇಟಿನ ಒಳಗಡೆ ಇದೆ, ರೈಲಿನ ಟಿಕೆಟ್ ಇಲ್ಲದೆ ಹೋಗಲಾಗದು. ಪೂರ್ತಿ ವೀಗನ್, ಮೂಳೆ ಇಲ್ಲ, ಮೀನಿಲ್ಲ, ಹಾಲು ಕೂಡ ಇಲ್ಲ. ಎಳ್ಳು ಅರೆದು ಹಾಕಿದ ದಪ್ಪ ಸಾರಿನ ರಾಮೆನ್. ಅಮ್ಮ ಕೂತವರೇ ಬಟ್ಟಲನ್ನು ಮುಟ್ಟಲಿಲ್ಲ. ಬಡಿಸಿದ ಹುಡುಗಿಯನ್ನು ಹತ್ತಿರ ಕರೆದು, ಸಾರಿನ ಕಡೆ ಬೆರಳು ತೋರಿಸಿ, ಅಚ್ಚ ಕನ್ನಡದಲ್ಲಿ ‘ಇದು ಯಾವುದರದ್ದಮ್ಮ?’ ಅಂದರು. ಅವಳಿಗೆ ಏನು ಅರ್ಥವಾಯಿತೋ, ಕೌಂಟರಿನಿಂದ ಚಿತ್ರ ಇರುವ ಒಂದು ಕಾರ್ಡು ತಂದು ಎಳ್ಳು, ಸೋಯಾ, ತರಕಾರಿ ಅಂತ ಒಂದೊಂದೇ ತೋರಿಸಿದಳು. ಅಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದರು. ಆಮೇಲೆ ಸೊರ್ರಂತ ಒಂದು ಗುಟುಕು.

‘ಎಳ್ಳು ಗೊಜ್ಜು ನೀರು ಮಾಡಿದ ಹಾಗಿದೆ. ಒಂಚೂರು ಹುಣಸೆಹಣ್ಣು ಬೇಕಿತ್ತು’ ಅಂದರು. ಬಟ್ಟಲು ಖಾಲಿ ಮಾಡಿದರು.